ಎಕರೆ-ಗುಂಟೆಯನ್ನು ಪೂರ್ಣಾಂಕದಷ್ಟೇ ಸಲೀಸಾಗಿ ಬಳಸುವುದು: ಹ್ಯಾಸ್ಕೆಲ್‌ನಲ್ಲಿ ಸ್ವಂತ ಟೈಪ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಒಂದು ಖಾತೆಯಲ್ಲಿ ಮೂರು ಹೊಲ ಇವೆ ಅಂದುಕೊಳ್ಳಿ. ಒಂದು 2 ಎಕರೆ 30 ಗುಂಟೆ, ಇನ್ನೊಂದು 1 ಎಕರೆ 25 ಗುಂಟೆ, ಮೂರನೆಯದು ಬರೀ 38 ಗುಂಟೆ. ಉತಾರ (ಪಹಣಿ) ನೋಡಿಕೊಂಡು ಇವನ್ನು 2.30, 1.25, 0.38 ಎಂದು ಕಂಪ್ಯೂಟರಿಗೆ ಹಾಕಿ ಕೂಡಿಸಿದರೆ 3.93 ಬರುತ್ತದೆ. ನಿಜವಾದ ಉತ್ತರ 5 ಎಕರೆ 13 ಗುಂಟೆ. ಆ 3.93ನ್ನು ಯಾರಾದರೂ ದಶಾಂಶ ಎಕರೆ ಎಂದೇ ಓದಿಬಿಟ್ಟರೆ ಹತ್ತಿರ ಹತ್ತಿರ 1 ಎಕರೆ 16 ಗುಂಟೆ ಲೆಕ್ಕದಿಂದ ಮಾಯವಾಯಿತು. ಆಲಮಟ್ಟಿ ಹಿನ್ನೀರಿಗೆ ಹೊಲ-ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಬಾಗಲಕೋಟೆಯ ಜನಕ್ಕೆ ಒಂದೊಂದು ಗುಂಟೆಯ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ.

ತಪ್ಪು ಕೂಡಿಸಿದವರದ್ದಲ್ಲ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ ಎಂಬ ಸಂಗತಿ ಆ ಸಂಖ್ಯೆಗೆ ಗೊತ್ತೇ ಇರಲಿಲ್ಲ. ಅದಕ್ಕೆ ಗೊತ್ತು ಮಾಡಿಸುವುದೇ ಈ ಬರಹದ ಕೆಲಸ. ಜಮೀನು ಎಂಬ ಹೊಸ ಟೈಪ್, ಅಂದರೆ ದತ್ತಾಂಶದ ಹೊಸ ಬಗೆ, ಕಟ್ಟೋಣ. ಅದನ್ನು ಹೋಲಿಸಬಹುದು, ವಿಂಗಡಿಸಬಹುದು, ಕೂಡಿಸಬಹುದು, ಪರದೆಯಲ್ಲಿ ತೋರಿಸಬಹುದು, ಪಟ್ಟಿಯಲ್ಲಿಟ್ಟು ಓಡಾಡಬಹುದು. ಭಾಷೆಯೊಳಗೇ ಹುಟ್ಟಿದ ಪೂರ್ಣಾಂಕ, ಪಟ್ಟಿಗಳನ್ನು ಬಳಸಿದಷ್ಟೇ ಸಲೀಸಾಗಿ. ಬಳಸುವ ಪ್ರೋಗ್ರಾಮಿಂಗ್ ಭಾಷೆ ಹ್ಯಾಸ್ಕೆಲ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಿಲ್ಟ್-ಇನ್ ಟೈಪ್‌ಗೆ ಇರುವ ಎಲ್ಲ ಸವಲತ್ತನ್ನೂ ನಮ್ಮ ಟೈಪ್‌ಗೆ ಕೊಡಬೇಕು ಅಂತ ಆಸೆಯಾಗುವುದು ಸಹಜ. ಕೊಡಬೇಡಿ. ಯಾವುದಕ್ಕೆ ಅರ್ಥ ಇದೆಯೋ, ಯಾವುದರ ನಿಯಮ ಪೂರ್ತಿ ಪಾಲಿಸಬಹುದೋ ಅದನ್ನಷ್ಟೇ ಕೊಡಿ. ಎಲ್ಲಿ ನಿಲ್ಲಬೇಕು ಎಂಬುದು ಕೋಡ್ ಬರೆಯುವುದಕ್ಕಿಂತ ಕಷ್ಟದ ಪ್ರಶ್ನೆ. ಅದಕ್ಕೇ ಕೆಳಗೆ ಕೆಲವು ಹಂತಗಳಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಶುರು ಮಾಡುವ ಮುಂಚೆ

ಜಿಎಚ್‌ಸಿಅಪ್ ಎಂಬ ಉಪಕರಣ ಹಾಕಿಕೊಂಡರೆ ಜಿಎಚ್‌ಸಿ ಕಂಪೈಲರ್, ಕಬಾಲ್ (ಪ್ರಾಜೆಕ್ಟ್ ಕಟ್ಟುವ, ಪ್ಯಾಕೇಜ್ ತರಿಸುವ ಉಪಕರಣ) ಎರಡೂ ಒಟ್ಟಿಗೆ ಸಿಗುತ್ತವೆ. 9.2 ಅಥವಾ ಅದಕ್ಕಿಂತ ಹೊಸ ಜಿಎಚ್‌ಸಿ ಇರಲಿ. ಮುಂದೆ ಬೇಕಾಗುವ ಕೆಲವು ಸೌಲಭ್ಯಗಳು ಅದರಲ್ಲಿ ತಾವಾಗಿಯೇ ಚಾಲೂ ಇರುತ್ತವೆ. ಪ್ರಯೋಗಕ್ಕೆ ಜಿಎಚ್‌ಸಿಐ ಸಾಕು. ಒಂದು ಸಾಲು ಬರೆದರೆ ಅಲ್ಲೇ ಉತ್ತರ ಕೊಡುತ್ತದೆ.

ಇಲ್ಲಿ ಕೋಡ್ ಸಾಲುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಕೀವರ್ಡ್, ಹೆಸರು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಟೈಪ್, ಕ್ಲಾಸ್ ಮತ್ತು ಕನ್‌ಸ್ಟ್ರಕ್ಟರ್ ಹೆಸರುಗಳ ಮೊದಲ ಅಕ್ಷರ ಕ್ಯಾಪಿಟಲ್ ಇರಬೇಕು. ಫಂಕ್ಷನ್ ಮತ್ತು ವೇರಿಯಬಲ್ ಹೆಸರುಗಳ ಮೊದಲ ಅಕ್ಷರ ಸ್ಮಾಲ್. ಇದು ಬರೀ ಶಿಷ್ಟಾಚಾರ ಅಲ್ಲ, ಹ್ಯಾಸ್ಕೆಲ್ ವ್ಯಾಕರಣದ ನಿಯಮ.

ಬೆಳಗಾವಿಯ ವಿಟಿಯು ಅಡಿಯ ಕಾಲೇಜುಗಳಲ್ಲಿ ಓದಿದವರಿಗೆ ಕ್ಲಾಸ್ ಅಂದ ತಕ್ಷಣ ಜಾವಾ ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದನ್ನು ಬದಿಗಿಡಿ. ಹ್ಯಾಸ್ಕೆಲ್‌ನ ಟೈಪ್ ಕ್ಲಾಸ್ ಒಂದು ಕರಾರು ಪತ್ರ ಇದ್ದ ಹಾಗೆ. "ನನ್ನ ಸದಸ್ಯ ಆಗಬೇಕಾದರೆ ಈ ಈ ಫಂಕ್ಷನ್ ಬರೆದುಕೊಡು" ಎನ್ನುತ್ತದೆ. ಒಂದು ಟೈಪ್ ಆ ಕರಾರಿಗೆ ಸಹಿ ಹಾಕುವುದೇ ಇನ್‌ಸ್ಟನ್ಸ್. ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ 1989ರಲ್ಲಿ ಈ ವಿಚಾರವನ್ನು ಪ್ರಬಂಧವಾಗಿ ಮುಂದಿಟ್ಟರು. ಮರುವರ್ಷ ಬಂದ ಹ್ಯಾಸ್ಕೆಲ್‌ನ ಮೊದಲ ವರದಿಯಲ್ಲೇ ಅದು ಸೇರಿತು. ಸಮಾನತೆ ಚಿಹ್ನೆಯೂ ಕೂಡಿಸುವ ಚಿಹ್ನೆಯೂ ಬೇರೆ ಬೇರೆ ಟೈಪ್‌ಗಳಿಗೆ ಶಿಸ್ತಿನಿಂದ ಹೊಂದಬೇಕು ಎಂಬುದೇ ಅವರ ಮುಂದಿದ್ದ ಸಮಸ್ಯೆ. ಇದರಿಂದ ನಮಗೆ ದೊಡ್ಡ ಲಾಭ ಇದೆ. ಹ್ಯಾಸ್ಕೆಲ್‌ನಲ್ಲಿ ಪೂರ್ಣಾಂಕ ಕೂಡ ಇದೇ ಕರಾರುಗಳಿಗೆ ಸಹಿ ಹಾಕಿದ ಒಂದು ಟೈಪ್. ನಮ್ಮ ಜಮೀನಿಗೂ ಅದೇ ಬಾಗಿಲು ತೆರೆದಿದೆ.

ಹಂತ 1: ಒಳಗೆ ಏನಿಡಬೇಕು?

ಥಟ್ಟನೆ ಹೊಳೆಯುವುದು ಎಕರೆ, ಗುಂಟೆ, ಆಣೆ ಎಂದು ಮೂರು ಖಾನೆ ಇಡುವುದು. ಸ್ವಲ್ಪ ತಡೆಯಿರಿ. ಮೂರು ಖಾನೆ ಇಟ್ಟರೆ "1 ಎಕರೆ 0 ಗುಂಟೆ" ಮತ್ತು "0 ಎಕರೆ 40 ಗುಂಟೆ" ಎರಡು ಬೇರೆ ಬೇರೆ ಬೆಲೆಗಳಾಗುತ್ತವೆ (ಬೆಲೆ ಅಂದರೆ ಇಲ್ಲಿಂದ ಮುಂದೆ ವ್ಯಾಲ್ಯೂ, ದುಡ್ಡಲ್ಲ). ಹೊಲ ಒಂದೇ, ಕಂಪ್ಯೂಟರ್ ಮಾತ್ರ ಬೇರೆ ಎನ್ನುತ್ತದೆ. ಹೋಲಿಕೆ, ವಿಂಗಡಣೆ, ಹುಡುಕಾಟ ಎಲ್ಲವೂ ಅಲ್ಲಿಂದಲೇ ಕೆಡುತ್ತವೆ.

ಆದ್ದರಿಂದ ಎಲ್ಲವನ್ನೂ ಆಣೆಗೆ ಇಳಿಸಿ ಒಂದೇ ಸಂಖ್ಯೆ ಇಡೋಣ. ಎಕರೆಗೆ 640 ಆಣೆ.

```
ನ್ಯೂಟೈಪ್ ಜಮೀನು = ಒಟ್ಟಾಣೆ ನ್ಯಾಚುರಲ್
  ಡಿರೈವಿಂಗ್ (ಈಕ್, ಆರ್ಡ್)

ಎಕರೆ, ಗುಂಟೆ, ಆಣೆ :: ನ್ಯಾಚುರಲ್ -> ಜಮೀನು
ಎಕರೆ ನ = ಒಟ್ಟಾಣೆ (ನ * 640)
ಗುಂಟೆ ನ = ಒಟ್ಟಾಣೆ (ನ * 16)
ಆಣೆ ನ = ಒಟ್ಟಾಣೆ ನ

ಬಿಡಿಸು :: ಜಮೀನು -> (ನ್ಯಾಚುರಲ್, ನ್ಯಾಚುರಲ್, ನ್ಯಾಚುರಲ್)
ಬಿಡಿಸು (ಒಟ್ಟಾಣೆ ನ) = (ಎ, ಗು, ಆ)
  ವೇರ್ (ಎ, ಉಳಿದದ್ದು) = ಕ್ವಾಟ್‌ರೆಮ್ ನ 640
       (ಗು, ಆ) = ಕ್ವಾಟ್‌ರೆಮ್ ಉಳಿದದ್ದು 16
```

ನ್ಯೂಟೈಪ್ ಹೊಸ ಹೆಸರು ಕೊಡುತ್ತದೆ. ಪ್ರೋಗ್ರಾಂ ಓಡುವಾಗ ಮಾತ್ರ ಅದು ಒಳಗಿನ ಸಂಖ್ಯೆಯೇ. ಹೆಚ್ಚಿನ ಹೊರೆ ಇಲ್ಲ. ನ್ಯಾಚುರಲ್ ಅಂದರೆ ಸೊನ್ನೆಯಿಂದ ಮೇಲಿನ ಪೂರ್ಣಾಂಕ. ಋಣ ಜಮೀನು ಅನ್ನುವುದು ಜಗತ್ತಿನಲ್ಲಿ ಇಲ್ಲ, ಹಾಗಾಗಿ ಟೈಪ್‌ನಲ್ಲೂ ಬೇಡ. ಇದಕ್ಕೆ ನ್ಯೂಮರಿಕ್.ನ್ಯಾಚುರಲ್ ಮಾಡ್ಯೂಲ್ ಇಂಪೋರ್ಟ್ ಮಾಡಿಕೊಳ್ಳಿ.

ಮಾಡ್ಯೂಲ್‌ನಿಂದ ಹೊರಗೆ ಕೊಡುವಾಗ ಜಮೀನು ಎಂಬ ಟೈಪ್ ಹೆಸರನ್ನೂ ಎಕರೆ, ಗುಂಟೆ, ಆಣೆ ಫಂಕ್ಷನ್‌ಗಳನ್ನೂ ಕೊಡಿ. ಒಟ್ಟಾಣೆ ಕನ್‌ಸ್ಟ್ರಕ್ಟರ್ ಒಳಗೇ ಇರಲಿ. ಆಗ ನಾಳೆ ಒಳಗಿನ ವ್ಯವಸ್ಥೆ ಬದಲಾಯಿಸಿದರೂ ಹೊರಗಿನ ಕೋಡ್ ಮುರಿಯುವುದಿಲ್ಲ.

ಹಂತ 2: ಹೋಲಿಕೆ ಮತ್ತು ಕ್ರಮ

ಇದು ಆಗಲೇ ಮುಗಿದಿದೆ. ಡಿರೈವಿಂಗ್ ಸಾಲಿನಲ್ಲಿ ಈಕ್ (ಸಮಾನತೆಯ ಕ್ಲಾಸ್), ಆರ್ಡ್ (ಕ್ರಮದ ಕ್ಲಾಸ್) ಎಂದು ಬರೆದದ್ದೇ ಸಾಕು. ಒಳಗೆ ಒಂದೇ ಸಂಖ್ಯೆ ಇರುವುದರಿಂದ ಕಂಪೈಲರ್ ತಾನೇ ಬರೆದುಕೊಳ್ಳುವ ಹೋಲಿಕೆ ಸರಿಯಾಗೇ ಇರುತ್ತದೆ. "ಗುಂಟೆ 40 == ಎಕರೆ 1" ಎಂದು ಕೇಳಿದರೆ ಟ್ರೂ.

ಈ ಎರಡು ಪದಕ್ಕೆ ಎಷ್ಟು ಸಿಗುತ್ತದೆ ನೋಡಿ. ಸಾರ್ಟ್, ಮ್ಯಾಕ್ಸಿಮಮ್, ಮಿನಿಮಮ್ ಕೆಲಸ ಮಾಡುತ್ತವೆ. ಜಮೀನನ್ನು ಮ್ಯಾಪ್‌ನ ಕೀ ಆಗಿ ಇಡಬಹುದು. ದೊಡ್ಡ ಹೊಲ ಮೊದಲು ಬರಬೇಕು ಎಂದರೆ "ಸಾರ್ಟ್‌ಆನ್ ಡೌನ್". ಆರ್ಡ್ ಇನ್‌ಸ್ಟನ್ಸ್ ಅನ್ನೇ ತಿರುಗಿಸಿ ಬರೆಯಲು ಹೋಗಬೇಡಿ. ಒಂದು ಟೈಪ್‌ಗೆ ಒಂದು ಕ್ಲಾಸ್‌ನಲ್ಲಿ ಒಂದೇ ಇನ್‌ಸ್ಟನ್ಸ್ ಇರಲು ಸಾಧ್ಯ. ತಿರುಗಿಸಿದರೆ ಇಡೀ ಪ್ರೋಗ್ರಾಂಗೆ ಸಣ್ಣದೇ ದೊಡ್ಡದಾಗುತ್ತದೆ.

ಮೂರು ಖಾನೆ ಇಡಲೇಬೇಕು ಎಂಬ ಸಂದರ್ಭ ಬಂದರೆ ನೆನಪಿಡಿ: ಡಿರೈವ್ ಆದ ಆರ್ಡ್, ಖಾನೆಗಳನ್ನು ನೀವು ಬರೆದ ಕ್ರಮದಲ್ಲೇ ಹೋಲಿಸುತ್ತದೆ. ಆಣೆ ಖಾನೆ ಮೊದಲು ಬರೆದಿದ್ದರೆ ಮೊದಲು ಆಣೆಯನ್ನೇ ನೋಡುತ್ತದೆ.

ಹಂತ 3: ತೋರಿಸುವುದು, ಮತ್ತು ಕನ್ನಡ ಅಕ್ಷರದ ಸಂಗತಿ

ಪೂರ್ಣಾಂಕ 5ನ್ನು, ಬೆಲೆಯನ್ನು ಪಠ್ಯವಾಗಿಸುವ ಶೋಗೆ ಕೊಟ್ಟರೆ "5" ಬರುತ್ತದೆ. ಅದನ್ನೇ ನಕಲು ಮಾಡಿ ಮತ್ತೆ ಕೋಡ್‌ಗೆ ಅಂಟಿಸಬಹುದು. ಶೋ ಕ್ಲಾಸ್‌ನ ರೂಢಿಯೇ ಇದು: ಹೊರಬಂದದ್ದು ಮತ್ತೆ ಹ್ಯಾಸ್ಕೆಲ್ ಕೋಡ್ ಆಗಿ ನಡೆಯಬೇಕು. ನಮ್ಮ ಟೈಪ್ ಕೂಡ ಹಾಗೇ ನಡೆದುಕೊಳ್ಳಲಿ. ಇಲ್ಲಿ ಉಲ್ಲೇಖದೊಳಗೆ ಕಾಣುವ ಎರಡು ಕೋನಗಳ ಚಿಹ್ನೆ ಎರಡು ಜಮೀನನ್ನು ಸೇರಿಸುತ್ತದೆ, ಅದನ್ನು ಹಂತ 4ರಲ್ಲಿ ಬರೆಯುತ್ತೇವೆ.

```
ಇನ್‌ಸ್ಟನ್ಸ್ ಶೋ ಜಮೀನು ವೇರ್
  ಶೋಸ್‌ಪ್ರೆಕ್ ದ ಜ = ಶೋಪ್ಯಾರೆನ್ (ದ > 6) (ಶೋಸ್ಟ್ರಿಂಗ್ ಸಾಲು)
    ವೇರ್ (ಎ, ಗು, ಆ) = ಬಿಡಿಸು ಜ
         ಸಾಲು = "ಎಕರೆ " ++ ಶೋ ಎ ++ " <> ಗುಂಟೆ " ++ ಶೋ ಗು
                ++ " <> ಆಣೆ " ++ ಶೋ ಆ
```

ಬರೀ ಶೋ ಬರೆದರೆ ಸಾಕಾಗದೇ, ಶೋಸ್‌ಪ್ರೆಕ್ ಯಾಕೆ ಅಂದರೆ ಆವರಣದ ಸಲುವಾಗಿ. ನಮ್ಮ ಬೆಲೆ ಜಸ್ಟ್ ಎಂಬ, "ಬೆಲೆ ಇದೆ" ಎಂದು ಹೇಳುವ ಹೊದಿಕೆಯೊಳಗೆ ಕೂತಾಗ "ಜಸ್ಟ್ (ಎಕರೆ 2 <> ಗುಂಟೆ 30 <> ಆಣೆ 0)" ಎಂದು ಆವರಣ ಸಮೇತ ಬರಬೇಕು. ಇಲ್ಲದಿದ್ದರೆ ಅಂಟಿಸಿದ ಕೋಡ್‌ಗೆ ಬೇರೆಯೇ ಅರ್ಥ ಬರುತ್ತದೆ. ಆ 6 ಸುಮ್ನೆ ಹಾಕಿದ್ದಲ್ಲ. <> ಚಿಹ್ನೆಯ ಆದ್ಯತೆ 6. ಸುತ್ತಲಿನ ಆದ್ಯತೆ ಅದಕ್ಕಿಂತ ಜಾಸ್ತಿ ಇದ್ದರೆ ಆವರಣ ಹಾಕು ಎಂದು ಹೇಳುತ್ತಿದ್ದೇವೆ.

ಇದು ಪ್ರೋಗ್ರಾಮರ್ ನೋಡುವ ರೂಪ. ಹೊಲದ ಮಾಲೀಕರಿಗೆ "2 ಎಕರೆ 30 ಗುಂಟೆ" ಎಂದು ಕನ್ನಡದಲ್ಲಿ ತೋರಿಸಲು ಬೇರೆ ಫಂಕ್ಷನ್ ಬರೆಯಿರಿ. ಎರಡನ್ನೂ ಒಂದೇ ಶೋದಲ್ಲಿ ತುರುಕಿದರೆ ಎರಡೂ ಕೆಡುತ್ತವೆ.

ಕನ್ನಡದಲ್ಲಿ ಕೆಲಸ ಮಾಡುವವರು ಇಲ್ಲಿ ಒಮ್ಮೆ ಗಾಬರಿಯಾಗುತ್ತಾರೆ. ಜಿಎಚ್‌ಸಿಐನಲ್ಲಿ "ಎಕರೆ" ಎಂಬ ಕನ್ನಡ ಸ್ಟ್ರಿಂಗ್ ಕೊಟ್ಟು ಎಂಟರ್ ಒತ್ತಿದರೆ ಪರದೆಯ ಮೇಲೆ ಬರುವುದು "\3214\3221\3248\3270". ಏನೂ ಹಾಳಾಗಿಲ್ಲ. ಅವು ಎ, ಕ, ರ ಮತ್ತು ಎತ್ವದ ಯೂನಿಕೋಡ್ ಸಂಖ್ಯೆಗಳು. ಸ್ಟ್ರಿಂಗ್‌ನ ಶೋ, ಆಸ್ಕಿ ಅಲ್ಲದ ಅಕ್ಷರಗಳನ್ನೆಲ್ಲ ಹೀಗೇ ಸಂಖ್ಯೆಯಾಗಿ ಬರೆಯುತ್ತದೆ. ಪುಟ್‌ಸ್ಟ್ರಿಂಗ್‌ಲೈನ್ ಬಳಸಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ. ವಿಂಡೋಸ್‌ನಲ್ಲಿ ಆಗಲೂ ದೋಷ ಬಂದರೆ ಪ್ರೋಗ್ರಾಂ ಶುರುವಿನಲ್ಲೇ ಎಚ್‌ಸೆಟ್‌ಎನ್‌ಕೋಡಿಂಗ್ ಮೂಲಕ ಔಟ್‌ಪುಟ್ ಅನ್ನು ಯುಟಿಎಫ್-8ಕ್ಕೆ ಹೊಂದಿಸಿ.

ಹಂತ 4: ಕೂಡಿಸುವುದು. ಎಲ್ಲರೂ ಎಡವುವ ಜಾಗ

ಕೂಡಿಸಬೇಕು ಅಂದ ಕೂಡಲೇ ಕೈ + ಕಡೆ ಹೋಗುತ್ತದೆ. + ಚಿಹ್ನೆ ನಮ್ ಎಂಬ ಕ್ಲಾಸ್‌ನಲ್ಲಿದೆ. ಆ ಕ್ಲಾಸ್ ಕೂಡಿಸುವುದೊಂದನ್ನೇ ಕೇಳುವುದಿಲ್ಲ. ಗುಣಾಕಾರ, ಕಳೆಯುವಿಕೆ, ಆ್ಯಬ್ಸ್ (ಋಣ ಚಿಹ್ನೆ ಬಿಟ್ಟ ಬೆಲೆ), ಸಿಗ್ನಮ್ (ಬರೀ ಚಿಹ್ನೆ), ಫ್ರಮ್‌ಇಂಟಿಜರ್ ಎಲ್ಲವನ್ನೂ ಕೇಳುತ್ತದೆ.

2 ಎಕರೆ ಗುಣಿಸು 3 ಎಕರೆ ಎಷ್ಟು? ಉತ್ತರ ಇಲ್ಲ. ವಿಸ್ತೀರ್ಣವನ್ನು ವಿಸ್ತೀರ್ಣದಿಂದ ಗುಣಿಸಿದರೆ ಬರುವುದು ವಿಸ್ತೀರ್ಣ ಅಲ್ಲವೇ ಅಲ್ಲ. ಇನ್ನು ಫ್ರಮ್‌ಇಂಟಿಜರ್ ನೋಡಿ. ಹ್ಯಾಸ್ಕೆಲ್‌ನಲ್ಲಿ ನೀವು 5 ಎಂದು ಬರೆದರೆ ಕಂಪೈಲರ್ ಅದನ್ನು "ಫ್ರಮ್‌ಇಂಟಿಜರ್ 5" ಎಂದೇ ಓದುತ್ತದೆ. ನಮ್ ಇನ್‌ಸ್ಟನ್ಸ್ ಕೊಟ್ಟರೆ ಬರೀ 5 ಕೂಡ ಜಮೀನು ಆಗಿಬಿಡುತ್ತದೆ. ಐದು ಎಕರೆಯೋ, ಐದು ಗುಂಟೆಯೋ, ಐದು ಆಣೆಯೋ? ಓದುವವರಿಗೆ ತಿಳಿಯುವುದಿಲ್ಲ. ನಾವು ಯಾವ ಗೊಂದಲ ತಪ್ಪಿಸಲು ಹೊರಟೆವೋ ಅದನ್ನೇ ಹಿಂಬಾಗಿಲಿನಿಂದ ಒಳಗೆ ಬಿಟ್ಟಂತಾಯಿತು.

ಗುಣಾಕಾರದ ಜಾಗದಲ್ಲಿ ಎರರ್ ಎಂದು ಬರೆದು + ಒಂದನ್ನು ದಕ್ಕಿಸಿಕೊಳ್ಳುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಕಂಪೈಲ್ ಮಾಡುವಾಗಲೇ ಹಿಡಿಯಬಹುದಾದ ತಪ್ಪನ್ನು ಬಳಕೆದಾರರ ಮುಂದೆ ಸ್ಫೋಟಿಸುವ ತಪ್ಪಾಗಿ ಬದಲಾಯಿಸಿದ ಹಾಗೆ ಅದು.

ಜಮೀನಿಗೆ ಸರಿಹೊಂದುವುದು ಸೆಮಿಗ್ರೂಪ್ ಮತ್ತು ಮೊನಾಯ್ಡ್. ಎರಡನ್ನು ಸೇರಿಸುವ ಒಂದು ಕ್ರಿಯೆ, ಸೇರಿಸಿದರೂ ಏನೂ ಬದಲಾಗದ ಒಂದು ಶೂನ್ಯ. ಅಷ್ಟೇ ಬೇಡಿಕೆ.

```
ಇನ್‌ಸ್ಟನ್ಸ್ ಸೆಮಿಗ್ರೂಪ್ ಜಮೀನು ವೇರ್
  ಒಟ್ಟಾಣೆ ಕ <> ಒಟ್ಟಾಣೆ ಖ = ಒಟ್ಟಾಣೆ (ಕ + ಖ)

ಇನ್‌ಸ್ಟನ್ಸ್ ಮೊನಾಯ್ಡ್ ಜಮೀನು ವೇರ್
  ಎಮ್‌ಎಂಪ್ಟಿ = ಒಟ್ಟಾಣೆ 0
```

ಈಗ ಶುರುವಿನ ಲೆಕ್ಕ ಹಾಕೋಣ. ಮೂರು ಹೊಲ ಆಣೆಯಲ್ಲಿ 1760, 1040, 608. ಒಟ್ಟು 3408. ಎಮ್‌ಕಾನ್‌ಕ್ಯಾಟ್‌ಗೆ ಪಟ್ಟಿ ಕೊಡಿ:

```
> ಎಮ್‌ಕಾನ್‌ಕ್ಯಾಟ್ [ಎಕರೆ 2 <> ಗುಂಟೆ 30, ಎಕರೆ 1 <> ಗುಂಟೆ 25, ಗುಂಟೆ 38]
ಎಕರೆ 5 <> ಗುಂಟೆ 13 <> ಆಣೆ 0
```

ಹಳೆಯ ಪಾಠಗಳಲ್ಲಿ ಮೊನಾಯ್ಡ್ ಒಳಗೇ ಎಮ್‌ಅಪೆಂಡ್ ಬರೆದು ಮುಗಿಸಿರುತ್ತಾರೆ. 2018ರಲ್ಲಿ ಬಂದ ಜಿಎಚ್‌ಸಿ 8.4ರಿಂದ ಮೊನಾಯ್ಡ್ ಆಗುವ ಟೈಪ್ ಮೊದಲು ಸೆಮಿಗ್ರೂಪ್ ಆಗಿರಲೇಬೇಕು. "ಸೆಮಿಗ್ರೂಪ್ ಇನ್‌ಸ್ಟನ್ಸ್ ಇಲ್ಲ" ಎಂಬ ದೋಷ ಬಂದರೆ ಕಾರಣ ಇದೇ. ಬೇಕಿದ್ದರೆ ಡಿರೈವಿಂಗ್‌ವಯಾ ಎಕ್ಸ್‌ಟೆನ್ಷನ್ ಚಾಲೂ ಮಾಡಿ "ಡಿರೈವಿಂಗ್ (ಸೆಮಿಗ್ರೂಪ್, ಮೊನಾಯ್ಡ್) ವಯಾ (ಸಮ್ ನ್ಯಾಚುರಲ್)" ಎಂದು ಒಂದೇ ಸಾಲಿನಲ್ಲೂ ಮುಗಿಸಬಹುದು. ಕಲಿಯುವ ಹೊತ್ತಿನಲ್ಲಿ ಮಾತ್ರ ಕೈಯಾರೆ ಬರೆಯುವುದೇ ವಾಸಿ.

ಒಂದೇ ಅಳತೆಯ ಆರು ಹೊಲ ಇದ್ದರೆ? "ಎಸ್‌ಟೈಮ್ಸ್ 6 (ಎಕರೆ 2)". ಸೆಮಿಗ್ರೂಪ್ ಜೊತೆ ಇದು ಪುಕ್ಕಟೆ ಬರುತ್ತದೆ. ಸೊನ್ನೆ ಸಲ ಎಂಬ ಸಾಧ್ಯತೆ ಇದ್ದರೆ ಎಮ್‌ಟೈಮ್ಸ್‌ಡಿಫಾಲ್ಟ್ ಬಳಸಿ. ತಾನಾಗಿ ಬರುವ ಎಸ್‌ಟೈಮ್ಸ್, ಸೊನ್ನೆ ಕೊಟ್ಟರೆ ದೋಷ ಎಸೆಯುತ್ತದೆ.

ಹಂತ 5: ಕಳೆಯುವುದು, ಹಿಸ್ಸಾ ಮಾಡುವುದು

ಉತಾರದಲ್ಲಿ ಒಟ್ಟು ವಿಸ್ತೀರ್ಣದಿಂದ ಖರಾಬು (ಸಾಗುವಳಿಗೆ ಬಾರದ ನೆಲ) ಕಳೆಯಬೇಕಾಗುತ್ತದೆ. ಖರಾಬು ಒಟ್ಟಿಗಿಂತ ಜಾಸ್ತಿ ಇದ್ದರೆ ದಾಖಲೆಯಲ್ಲೇ ಏನೋ ತಪ್ಪಿದೆ ಎಂದರ್ಥ. ಅದನ್ನು ಮುಚ್ಚಿಡಬಾರದು.

```
ಕಳೆ :: ಜಮೀನು -> ಜಮೀನು -> ಮೇಬಿ ಜಮೀನು
ಕಳೆ (ಒಟ್ಟಾಣೆ ಕ) (ಒಟ್ಟಾಣೆ ಖ) = ಎಫ್‌ಮ್ಯಾಪ್ ಒಟ್ಟಾಣೆ (ಮೈನಸ್‌ನ್ಯಾಚುರಲ್‌ಮೇಬಿ ಕ ಖ)
```

4 ಎಕರೆ 12 ಗುಂಟೆಯಲ್ಲಿ 8 ಗುಂಟೆ ಖರಾಬು ಹೋದರೆ ಜಸ್ಟ್ ಒಳಗೆ 4 ಎಕರೆ 4 ಗುಂಟೆ. ತಿರುವುಮುರುವಾದರೆ ನಥಿಂಗ್, ಅಂದರೆ ಉತ್ತರವೇ ಇಲ್ಲ. ಇವೆರಡರಲ್ಲಿ ಒಂದನ್ನು ಹೊತ್ತ ಟೈಪೇ ಮೇಬಿ. ನ್ಯಾಚುರಲ್‌ಗಳ ಮೇಲೆ ನೇರವಾಗಿ - ಹಾಕಿದರೆ ಓಡುವಾಗ ಅಂಡರ್‌ಫ್ಲೋ ಎಂದು ಪ್ರೋಗ್ರಾಂ ನಿಂತುಬಿಡುತ್ತದೆ. ಆದ್ದರಿಂದ ಈ ಸುತ್ತುದಾರಿ ಬೇಕೇ ಬೇಕು.

ಅಣ್ಣತಮ್ಮಂದಿರ ಹಿಸ್ಸಾ (ಪಾಲು) ಇನ್ನೂ ಸ್ವಾರಸ್ಯದ್ದು. ನಮ್ಮ 5 ಎಕರೆ 13 ಗುಂಟೆಯನ್ನು ಮೂವರಿಗೆ ಹಂಚಿದರೆ ತಲಾ 1 ಎಕರೆ 31 ಗುಂಟೆ, ಸರಿಯಾಗಿ. ನಾಲ್ವರಿಗೆ ತಲಾ 1 ಎಕರೆ 13 ಗುಂಟೆ 4 ಆಣೆ. ಐವರಿಗಾದರೆ ತಲಾ 1 ಎಕರೆ 2 ಗುಂಟೆ 9 ಆಣೆ ಹೋಗಿ 3 ಆಣೆ ಉಳಿಯುತ್ತದೆ. ಆ 3 ಆಣೆ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ಆಣೆ ಎಂದರೆ 68 ಚದರಡಿಗೂ ಮೇಲೆ. ಮೂರು ಆಣೆಗೆ ಒಂದು ಕೋಣೆಯೇ ಬಂತು. ಹಾಗಾಗಿ ಭಾಗಾಕಾರದ ಚಿಹ್ನೆ ಕೊಡುವ ಫ್ರಾಕ್ಷನಲ್ ಇನ್‌ಸ್ಟನ್ಸ್ ಬೇಡ. ಪೂರ್ಣಾಂಕದ ಕ್ವಾಟ್‌ರೆಮ್ ಹೇಗೆ ಭಾಗಲಬ್ಧ, ಶೇಷ ಎರಡನ್ನೂ ಕೊಡುತ್ತದೋ ನಾವೂ ಹಾಗೇ ಕೊಡೋಣ.

```
ಹಿಸ್ಸಾ :: ನ್ಯಾಚುರಲ್ -> ಜಮೀನು -> ಮೇಬಿ (ಜಮೀನು, ಜಮೀನು)
ಹಿಸ್ಸಾ 0 _ = ನಥಿಂಗ್
ಹಿಸ್ಸಾ ಜನ (ಒಟ್ಟಾಣೆ ನ) = ಜಸ್ಟ್ (ಒಟ್ಟಾಣೆ ಪಾಲು, ಒಟ್ಟಾಣೆ ಉಳಿದದ್ದು)
  ವೇರ್ (ಪಾಲು, ಉಳಿದದ್ದು) = ಕ್ವಾಟ್‌ರೆಮ್ ನ ಜನ
```

ಬೇರೆ ಮಾನಕ್ಕೆ ಬದಲಿಸುವಾಗ ಡಬಲ್ (ದಶಾಂಶ ಸಂಖ್ಯೆ) ಬಳಸಬೇಡಿ, ರ್ಯಾಷನಲ್ (ನಿಖರ ಭಿನ್ನರಾಶಿ) ಬಳಸಿ. ಗುಂಟೆ 33 ಅಡಿ ಗುಣಿಸು 33 ಅಡಿ, ಅಂದರೆ 1089 ಚದರಡಿ. ಆಣೆಗೆ 1089 % 16. % ಚಿಹ್ನೆ ಇಲ್ಲಿ ಭಿನ್ನರಾಶಿ ಕಟ್ಟುತ್ತದೆ. ಎಕರೆಗೆ ಬದಲಿಸಲು "ಟುಇಂಟಿಜರ್ ನ % 640". ಮುಧೋಳ ಕಡೆಯ ಕಬ್ಬಿನ ತೋಟ, ಎಕರೆಗೆ 40 ಟನ್ ಎಂದು ಹಿಡಿಯಿರಿ. 3408 ಆಣೆಗೆ ಸರಿಯಾಗಿ 213 ಟನ್ ಬರುತ್ತದೆ. ಹಿಂದೆ ಮುಂದೆ ಚಿಲ್ಲರೆ ಇಲ್ಲ.

ಹಂತ 6: ಹಾಗಾದರೆ ನಮ್ ಯಾವಾಗ ಬೇಕು?

ನಮ್ ಕೊಡುವುದೇ ಸರಿ ಎನಿಸುವ ಟೈಪ್‌ಗಳೂ ಇವೆ. ವಾರದ ಲೆಕ್ಕ ತಗೊಳ್ಳಿ. ಏಳರಿಂದ ಭಾಗಿಸಿ ಉಳಿದ ಶೇಷ.

```
ನ್ಯೂಟೈಪ್ ಶೇಷ7 = ಶೇಷ7 ಇಂಟಿಜರ್ ಡಿರೈವಿಂಗ್ (ಈಕ್, ಶೋ)

ಇನ್‌ಸ್ಟನ್ಸ್ ನಮ್ ಶೇಷ7 ವೇರ್
  ಶೇಷ7 ಕ + ಶೇಷ7 ಖ = ಫ್ರಮ್‌ಇಂಟಿಜರ್ (ಕ + ಖ)
  ಶೇಷ7 ಕ * ಶೇಷ7 ಖ = ಫ್ರಮ್‌ಇಂಟಿಜರ್ (ಕ * ಖ)
  ನೆಗೇಟ್ (ಶೇಷ7 ಕ) = ಫ್ರಮ್‌ಇಂಟಿಜರ್ (ನೆಗೇಟ್ ಕ)
  ಆ್ಯಬ್ಸ್ = ಐಡಿ
  ಸಿಗ್ನಮ್ _ = 1
  ಫ್ರಮ್‌ಇಂಟಿಜರ್ ನ = ಶೇಷ7 (ಮಾಡ್ ನ 7)
```

ಇವತ್ತು ಸೋಮವಾರ, ಅದು 0. ನೂರು ದಿನಕ್ಕೆ ಯಾವ ವಾರ? "0 + 100 :: ಶೇಷ7" ಎಂದು ಕೇಳಿ. 2 ಬರುತ್ತದೆ, ಅಂದರೆ ಬುಧವಾರ. ಬರೀ 100 ಎಂದು ಬರೆದದ್ದೂ ತಾನಾಗಿ ಏಳರ ಲೆಕ್ಕಕ್ಕೆ ಬಂತು ನೋಡಿ. ಸಮ್, ಪ್ರಾಡಕ್ಟ್, ಘಾತದ ^ ಎಲ್ಲವೂ ಹಿಂದೆಯೇ ಬಂದವು. "2 ^ 100 :: ಶೇಷ7" ಕೇಳಿದರೆ 2.

ಎರಡು ಕಡೆ ಎಚ್ಚರ ಬೇಕು. ಮಾಡ್ ಜಾಗದಲ್ಲಿ ರೆಮ್ ಹಾಕಿದರೆ ಋಣ ಸಂಖ್ಯೆಗೆ ತಪ್ಪುತ್ತದೆ. -3ಕ್ಕೆ ಮಾಡ್ 4 ಕೊಡುತ್ತದೆ, ರೆಮ್ -3 ಕೊಡುತ್ತದೆ. ಇನ್ನೊಂದು, ಆ್ಯಬ್ಸ್ ಮತ್ತು ಸಿಗ್ನಮ್ ಗುಣಿಸಿದರೆ ಮೂಲ ಬೆಲೆ ಬರಬೇಕು ಎಂಬ ನಿಯಮ. ಇದ್ದದ್ದನ್ನೇ ಕೊಡುವ ಐಡಿಯನ್ನೂ 1ನ್ನೂ ಹಾಕಿದ್ದು ಅದಕ್ಕೇ. ಆರ್ಡ್ ಕೊಟ್ಟಿಲ್ಲ, ಗಮನಿಸಿ. ಸುತ್ತಿ ಬರುವ ಲೆಕ್ಕದಲ್ಲಿ ದೊಡ್ಡದು ಸಣ್ಣದು ಎಂಬುದಿಲ್ಲ.

ವಾರಗಳಿಗೆ ಹೆಸರೇ ಬೇಕಿದ್ದರೆ ಏಳು ಕನ್‌ಸ್ಟ್ರಕ್ಟರ್‌ಗಳ ಡೇಟಾ ಟೈಪ್ ಮಾಡಿ ಎನಮ್, ಬೌಂಡೆಡ್ ಡಿರೈವ್ ಮಾಡಿಕೊಳ್ಳಿ. "[ಸೋಮ ..]" ಎಂದರೆ ಸೋಮದಿಂದ ಭಾನುವರೆಗೆ ಪಟ್ಟಿ ಬರುತ್ತದೆ. ಚುಕ್ಕೆಗಳ ಮುಂಚೆ ಜಾಗ ಬಿಡಲೇಬೇಕು. ಬಿಡದಿದ್ದರೆ ಸೋಮ ಎಂಬ ಮಾಡ್ಯೂಲ್‌ನ ಯಾವುದೋ ಚಿಹ್ನೆ ಎಂದು ಕಂಪೈಲರ್ ತಿಳಿದುಕೊಳ್ಳುತ್ತದೆ.

ಹಂತ 7: ಪಠ್ಯದಿಂದ ಓದುವುದು

ಓವರ್‌ಲೋಡೆಡ್‌ಸ್ಟ್ರಿಂಗ್ಸ್ ಎಂಬ ಎಕ್ಸ್‌ಟೆನ್ಷನ್ ಇದೆ. ಈಸ್‌ಸ್ಟ್ರಿಂಗ್ ಇನ್‌ಸ್ಟನ್ಸ್ ಬರೆದರೆ "2-30-0" ಎಂಬ ಉಲ್ಲೇಖದೊಳಗಿನ ಪಠ್ಯವೇ ಜಮೀನು ಆಗುತ್ತದೆ. ಟೆಕ್ಸ್ಟ್, ಬೈಟ್‌ಸ್ಟ್ರಿಂಗ್ ಟೈಪ್‌ಗಳಿಗೆ ಇದು ಚೆಂದ. ಜಮೀನಿಗೆ ಬೇಡ ಎಂದು ನನ್ನ ಅಭಿಪ್ರಾಯ. "2-55-0" ಎಂದು ಬರೆದರೆ ಇಲ್ಲ ಎನ್ನಲು ಆ ಕ್ಲಾಸ್‌ನಲ್ಲಿ ದಾರಿಯೇ ಇಲ್ಲ, ಓಡುವಾಗ ಒಡೆಯುವುದೊಂದೇ ಗತಿ. ಅದರ ಬದಲು ಈದರ್ ಕೊಡುವ ಫಂಕ್ಷನ್ ಬರೆಯಿರಿ. ಸರಿಯಿದ್ದರೆ ಅದರ ರೈಟ್ ಒಳಗೆ ಉತ್ತರ, ತಪ್ಪಿದ್ದರೆ ಲೆಫ್ಟ್ ಒಳಗೆ ಸಂದೇಶ. ಸ್ಪ್ಲಿಟ್ ಪ್ಯಾಕೇಜ್‌ನ ಸ್ಪ್ಲಿಟ್‌ಆನ್, ಟೆಕ್ಸ್ಟ್.ರೀಡ್‌ನ ರೀಡ್‌ಮೇಬಿ ಸಾಕು.

```
ಓದು :: ಸ್ಟ್ರಿಂಗ್ -> ಈದರ್ ಸ್ಟ್ರಿಂಗ್ ಜಮೀನು
ಓದು ಸಾಲು = ಕೇಸ್ ಮ್ಯಾಪ್ ರೀಡ್‌ಮೇಬಿ (ಸ್ಪ್ಲಿಟ್‌ಆನ್ "-" ಸಾಲು) ಆಫ್
  [ಜಸ್ಟ್ ಎ, ಜಸ್ಟ್ ಗು, ಜಸ್ಟ್ ಆ]
    | ಗು < 40, ಆ < 16 -> ರೈಟ್ (ಎಕರೆ ಎ <> ಗುಂಟೆ ಗು <> ಆಣೆ ಆ)
  _ -> ಲೆಫ್ಟ್ ("ಅಳತೆ ಸರಿಯಿಲ್ಲ: " ++ ಸಾಲು)
```

ಹೊರಗಿನಿಂದ ಬಂದ ಪಠ್ಯದಲ್ಲಿ 55 ಗುಂಟೆ ಕಂಡರೆ ಅದನ್ನು ಸುಮ್ನೆ 1 ಎಕರೆ 15 ಗುಂಟೆ ಮಾಡಿಕೊಳ್ಳಬಾರದು. ಬರೆದವರ ಕೈತಪ್ಪಿರಬಹುದು. 2000ದಲ್ಲಿ ಶುರುವಾದ ಭೂಮಿ ಯೋಜನೆಯಿಂದ ಉತಾರ ಕಂಪ್ಯೂಟರಿಗೆ ಬಂದಿದೆ, ನಿಜ. ಆದರೆ ಮನೆಯಲ್ಲಿರುವ ಹಳೆಯ ಕೈಬರಹದ ಕಾಗದಗಳನ್ನು ನೀವೇ ಟೈಪ್ ಮಾಡುವಾಗ ಇಂಥದ್ದು ಆಗುತ್ತದೆ.

ಕನ್ನಡ ಅಂಕಿಗಳಿದ್ದರೆ ರೀಡ್‌ಮೇಬಿಗೆ ಅರ್ಥವಾಗುವುದಿಲ್ಲ. "೨-೩೦-೦" ಕೊಟ್ಟರೆ ಲೆಫ್ಟ್ ಬರುತ್ತದೆ. ಮೊದಲು ಅಂಕಿ ಬದಲಿಸಿಕೊಳ್ಳಿ. ಕನ್ನಡದ ೦ ಯೂನಿಕೋಡ್‌ನಲ್ಲಿ 3302, ಅಲ್ಲಿಂದ ೯ರವರೆಗೆ ಸಾಲಾಗಿ ಇವೆ. ಅಕ್ಷರದ ಸಂಖ್ಯೆಯಿಂದ 3302 ಕಳೆದು, ಆಸ್ಕಿ ಸೊನ್ನೆಯ 48 ಕೂಡಿಸಿದರೆ ಆಯಿತು. ಲೆಫ್ಟ್ ಒಳಗಿನ ಕನ್ನಡ ಸಂದೇಶವನ್ನು ತೋರಿಸುವಾಗ "ಈದರ್ ಪುಟ್‌ಸ್ಟ್ರಿಂಗ್‌ಲೈನ್ ಪ್ರಿಂಟ್" ಬಳಸಿ. ಇಲ್ಲದಿದ್ದರೆ ಮತ್ತೆ \3205 ಎಂದು ಸಂಖ್ಯೆಗಳ ಸಾಲು ಕಾಣುತ್ತದೆ.

ಹಂತ 8: ನಮ್ಮದೇ ಪಟ್ಟಿ

ಖಾತೆ ಎಂಬ ಪಾತ್ರೆಯನ್ನೂ ಬಿಲ್ಟ್-ಇನ್ ಪಟ್ಟಿಯಂತೆ ಮಾಡಬಹುದು. ಮಾಲೀಕರ ಹೆಸರು, ಆಮೇಲೆ ಸರ್ವೆ ನಂಬರ್ ಮತ್ತು ಬೆಲೆಗಳ ಜೋಡಿ.

```
ಡೇಟಾ ಖಾತೆ ಅ = ಖಾತೆ ಸ್ಟ್ರಿಂಗ್ [(ಸ್ಟ್ರಿಂಗ್, ಅ)]
  ಡಿರೈವಿಂಗ್ (ಶೋ, ಫಂಕ್ಟರ್, ಫೋಲ್ಡಬಲ್, ಟ್ರಾವರ್ಸಬಲ್)
```

ಫೋಲ್ಡಬಲ್ ಸಿಕ್ಕ ಮೇಲೆ ಲೆಂಗ್ತ್ ಕೇಳಿದರೆ ಎಷ್ಟು ಹೊಲ, ಮ್ಯಾಕ್ಸಿಮಮ್ ಕೇಳಿದರೆ ದೊಡ್ಡ ಹೊಲದ ಅಳತೆ, ಡೇಟಾ.ಫೋಲ್ಡಬಲ್‌ನ ಫೋಲ್ಡ್ ಕೇಳಿದರೆ ಒಟ್ಟು ಜಮೀನು. ಹಂತ 4ರ ಮೊನಾಯ್ಡ್ ಇಲ್ಲಿ ತಾನಾಗಿ ಕೆಲಸಕ್ಕೆ ಬಂತು. ಖಾತೆಗೆ ಜಮೀನು ಗೊತ್ತಿಲ್ಲ, ಜಮೀನಿಗೆ ಖಾತೆ ಗೊತ್ತಿಲ್ಲ. ಆದರೂ ಒಟ್ಟು ಬರುತ್ತದೆ. ಈ ಭಾಷೆಯಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದು.

ಟ್ರಾವರ್ಸಬಲ್ ಇನ್ನೂ ಒಂದು ಹೆಜ್ಜೆ ಮುಂದೆ. ಪಠ್ಯಗಳೇ ತುಂಬಿದ ಖಾತೆಯನ್ನು "ಟ್ರಾವರ್ಸ್ ಓದು" ಗೆ ಕೊಡಿ. 45/1, 45/2, 112 ಎಂಬ ಮೂರು ಸರ್ವೆ ನಂಬರ್‌ಗಳ ಅಳತೆಯೂ ಸರಿಯಿದ್ದರೆ ರೈಟ್ ಒಳಗೆ ಪೂರ್ತಿ ಖಾತೆ. ಒಂದು ತಪ್ಪಿದ್ದರೂ ಆ ತಪ್ಪಿನ ಸಂದೇಶ. ಅರ್ಧಂಬರ್ಧ ಖಾತೆ ಎಂಬುದು ಹುಟ್ಟುವುದೇ ಇಲ್ಲ.

ಹಂತ 9: ನಿಯಮ ಪರೀಕ್ಷೆ

ಕಂಪೈಲರ್ ಟೈಪ್ ಹೊಂದಿಕೆಯನ್ನು ನೋಡುತ್ತದೆ, ನಿಯಮಗಳನ್ನು ನೋಡುವುದಿಲ್ಲ. <> ಅನ್ನು ಯಾವ ಕಡೆಯಿಂದ ಗುಂಪು ಮಾಡಿದರೂ ಉತ್ತರ ಒಂದೇ ಬರಬೇಕು, ಎಮ್‌ಎಂಪ್ಟಿ ಸೇರಿಸಿದರೆ ಬದಲಾಗಬಾರದು. ಇವನ್ನು ನಾವೇ ಪರೀಕ್ಷಿಸಬೇಕು. ಕೊಯೆನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಪರಿಚಯಿಸಿದ ಕ್ವಿಕ್‌ಚೆಕ್ ಇದಕ್ಕೆಂದೇ ಇದೆ. ನಿಯಮ ಬರೆದುಕೊಟ್ಟರೆ ಅದು ತಾನೇ 100 ಯಾದೃಚ್ಛಿಕ ಉದಾಹರಣೆ ಹುಟ್ಟಿಸಿ ನೋಡುತ್ತದೆ.

```
ಇನ್‌ಸ್ಟನ್ಸ್ ಆರ್ಬಿಟ್ರರಿ ಜಮೀನು ವೇರ್
  ಆರ್ಬಿಟ್ರರಿ = ಎಫ್‌ಮ್ಯಾಪ್ (ಒಟ್ಟಾಣೆ . ಫ್ರಮ್‌ಇಂಟಿಜರ್) (ಚೂಸ್ (0, 64000))

ಗುಂಪು :: ಜಮೀನು -> ಜಮೀನು -> ಜಮೀನು -> ಬೂಲ್
ಗುಂಪು ಕ ಖ ಗ = (ಕ <> ಖ) <> ಗ == ಕ <> (ಖ <> ಗ)
```

ಯಾದೃಚ್ಛಿಕ ಜಮೀನು ಹೇಗೆ ಹುಟ್ಟಿಸಬೇಕು ಎಂದು ಹೇಳುವುದೇ ಆರ್ಬಿಟ್ರರಿ. ಚೂಸ್‌ಗೆ 64000 ಯಾಕೆ? ಕ್ವಿಕ್‌ಚೆಕ್ ತಾನಾಗಿ ಹುಟ್ಟಿಸುವ ಪೂರ್ಣಾಂಕಗಳು ಸಾಮಾನ್ಯವಾಗಿ 100 ದಾಟುವುದಿಲ್ಲ. 100 ಆಣೆ ಎಂದರೆ 6 ಗುಂಟೆ 4 ಆಣೆ. ಎಕರೆಗೆ ದಾಟುವ ಲೆಕ್ಕ ಒಮ್ಮೆಯೂ ಪರೀಕ್ಷೆಗೆ ಬರುವುದಿಲ್ಲ. 64000 ಕೊಟ್ಟರೆ 100 ಎಕರೆವರೆಗಿನ ಅಳತೆ ಬರುತ್ತದೆ.

ಗುಂಪು ಫಂಕ್ಷನ್‌ನ ಮೇಲಿನ ಟೈಪ್ ಸಾಲನ್ನೂ ಬಿಡಬೇಡಿ. ಬಿಟ್ಟರೆ ಜಿಎಚ್‌ಸಿಐ ಅಲ್ಲಿ ಜಮೀನಿನ ಬದಲು ಒಂದೇ ಒಂದು ಬೆಲೆ ಇರುವ ಯೂನಿಟ್ ಎಂಬ ಟೈಪ್ ಹಿಡಿದುಕೊಂಡು ಪರೀಕ್ಷೆ ನಡೆಸುತ್ತದೆ. ನೂರಕ್ಕೆ ನೂರು ಪಾಸ್ ಎನ್ನುತ್ತದೆ. ನಿಮ್ಮ ಕೋಡ್ ಅದು ಮುಟ್ಟಿಯೇ ಇರುವುದಿಲ್ಲ.

ಇದೇ ರೀತಿ ಇನ್ನು ಮೂರು ನಿಯಮ ಬರೆಯಿರಿ. ಎಮ್‌ಎಂಪ್ಟಿಯನ್ನು ಯಾವ ಕಡೆ ಸೇರಿಸಿದರೂ ಬೆಲೆ ಬದಲಾಗಬಾರದು. ಹಿಸ್ಸಾ ಮಾಡಿದ ಪಾಲುಗಳನ್ನೂ ಉಳಿದ ಆಣೆಯನ್ನೂ ಮತ್ತೆ ಸೇರಿಸಿದರೆ ಮೂಲ ಜಮೀನೇ ಬರಬೇಕು. ಬಿಡಿಸು ಕೊಟ್ಟ ಮೂರು ಸಂಖ್ಯೆಗಳನ್ನು ಅಡ್ಡಗೆರೆಯಿಂದ ಜೋಡಿಸಿ ಓದು ಫಂಕ್ಷನ್‌ಗೆ ಕೊಟ್ಟರೆ ರೈಟ್ ಒಳಗೆ ಅದೇ ಜಮೀನು ಸಿಗಬೇಕು. ಕೊನೆಯ ಈ ಎರಡು ಪರೀಕ್ಷೆಗಳನ್ನು, ಜಮೀನು ಮಾಡ್ಯೂಲ್ ಮುಟ್ಟಿದಾಗಲೆಲ್ಲ ಓಡಿಸುವ ಹಾಗೆ ಕಬಾಲ್‌ನ ಟೆಸ್ಟ್ ವಿಭಾಗದಲ್ಲೇ ಸೇರಿಸಿಡಿ.